ಶಿರಸಿಲಿ ಇದ್ಕಂಡು ರೋಡ್ ಬೈಕ್ (ತೆಳು ಟೈರು, ಬಾಗಿದ ಹ್ಯಾಂಡಲ್‌ನ ಸೈಕಲ್) ತಗಳ್ಳದಾ ಬ್ಯಾಡ್ದಾ? ಬಜೆಟ್ 50 ಸಾವಿರ, ಆಸೆ ಮಾತ್ರ ದೇವಿಮನೆ ಘಟ್ಟದಷ್ಟು

ಬನವಾಸಿ ರೋಡ್

ಎಲ್ರಿಗೂ ನಮಸ್ಕಾರ. ಈ ಸೈಕಲ್ ಫೋರಮ್ಮಲ್ಲಿ ಹಳೇ ಮಾತುಕತೆ ಎಲ್ಲ ಓದ್ದೆ, ಹೆಚ್ಚಿನದು ಬೆಂಗ್ಳೂರು ಕಡೆಯವರದ್ದು, ನಂದಿ ಬೆಟ್ಟ ಹತ್ತೋರದ್ದು, ನಮ್ಮ ಮಳೆಗೂ ನಮ್ಮ ರಸ್ತೆಗೂ ಅದು ಅಷ್ಟಾಗಿ ಹೊಂದಲ್ಲ ಅನಿಸ್ತು, ಅದಕ್ಕೆ ಮತ್ತೆ ಹೊಸದಾಗಿ ಕೇಳ್ತಾ ಇದೀನಿ, ಬೈಬೇಡಿ.

ನಾನು ಶಿರಸಿಯವ, ವಯಸ್ಸು 38, ತೂಕ 74 ಕೆಜಿ, ಎತ್ತರ 5 ಅಡಿ 6 ಇಂಚು. ಈಗ ಇರೋದು 26 ಇಂಚಿನ ದಪ್ಪ ಟೈರಿನ ಎಂಟಿಬಿ (ಮೌಂಟನ್ ಬೈಕು). ಮುಂದೆ ಸಸ್ಪೆನ್ಷನ್ ಇದೆ, ಅಂದ್ರೆ ಹೆಸರಿಗೆ, ಒಳಗೆ ಎಂತದೋ ತುಕ್ಕು ಹಿಡಿದು ಎರಡು ವರ್ಷದಿಂದ ಅಲ್ಲಾಡಲ್ಲ. ಅದ್ರಲ್ಲೇ ವಾರಕ್ಕೆ ನಾಕು ದಿನ ಬನವಾಸಿ ರಸ್ತೆಲಿ ಕೆಲಸಕ್ಕೆ ಹೋಗಿ ಬರ್ತೀನಿ, ಹೋಗಿಬರೋದು ಸೇರಿ 22 ಕಿಮೀ, ಬೆನ್ನಿಗೆ ಬ್ಯಾಗು, ಬ್ಯಾಗೊಳಗೆ ಲ್ಯಾಪ್‌ಟಾಪು, ಊಟದ ಡಬ್ಬಿ. ಭಾನುವಾರ ಬೆಳಿಗ್ಗೆ ಕುಮಟೆ ರಸ್ತೆಲಿ ರಾಗಿಹೊಸಳ್ಳಿವರೆಗೆ, ಮನಸಾದ್ರೆ ದೇವಿಮನೆ ದೇವಸ್ಥಾನದವರೆಗೆ ಹೋಗಿ ವಾಪಸ್. ಘಟ್ಟ ಇಳಿದಿಲ್ಲ, ಯಾಕಂದ್ರೆ ಇಳಿದ್ರೆ ಹತ್ತಬೇಕಲ್ಲ. ಒಂದೇ ದಿನದಲ್ಲಿ ಕುಮಟೆಗೆ ಇಳಿದು ಸಮುದ್ರಕ್ಕೆ ಕಾಲು ಅದ್ದಿ ಹತ್ತಿ ಮನೆಗೆ ಬರಬೇಕು ಅನ್ನೋದು ಒಂದು ಹುಚ್ಚು, ಎಲ್ಲ ಸೇರಿ ಹತ್ರಹತ್ರ 120 ಕಿಮೀ ಆಗ್ತದೆ.

ನೋಡಿಟ್ಟಿದ್ದು ಮೂರು. ಒಂದು, ಬೆಂಗ್ಳೂರಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಬನ್ ಫೈಬರ್ ಫ್ರೇಮು, 2016ರ ಮಾಡೆಲ್, 105 ಗೇರು (105 ಅಂದ್ರೆ ಶಿಮಾನೊ ಕಂಪನಿ ಗೇರಿನ ಹೆಸರು, ಗೇರಿನ ಲೆಕ್ಕ ಅಲ್ಲ), 55 ಸಾವಿರ ಹೇಳ್ತಿದಾರೆ. ಎರಡು, ಹೊಸ ಅಲ್ಯೂಮಿನಿಯಂ, ಅದೇ ಕಂಪನಿದು ಅಗ್ಗದ ಕ್ಲಾರಿಸ್ ಗೇರು, 45ರ ಆಸುಪಾಸು. ಮೂರು, 30ರೊಳಗೆ ಒಂದು ಹೈಬ್ರಿಡ್, ಅಂದ್ರೆ ನೇರ ಹ್ಯಾಂಡಲ್‌ದು. ಫೋಟೋ ನೋಡಿದಾಗಿಂದ ಕಾರ್ಬನ್ ಬಿಟ್ಟು ಬೇರೆ ಕಣ್ಣಿಗೆ ಬೀಳ್ತಾ ಇಲ್ಲ. ಮನೆಲಿ ಫೋಟೋ ತೋರಿಸಿದ್ರೆ ಹೆಂಡ್ತಿ ಕೇಳಿದ್ದು ಇಷ್ಟೇ: ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಮತ್ತೆ 55 ಸಾವಿರ ಎಂತಕ್ಕೆ? ನನ್ನ ಹತ್ರ ಉತ್ತರ ಇರಲಿಲ್ಲ. ನೀವಾದ್ರೂ ಕೊಡಿ.

ಪಂಕ್ಚರ್ ಪಂಡಿತ

ತಮ್ಮಾ, ನೀ ಯಾವ ರಸ್ತೆ ಮೇಲೆ ಹೊಡಿತೆ ಹೇಳದು ಮೊದ್ಲು ನೋಡು, ಸೈಕಲ್ ಯಾವ್ದು ಹೇಳದು ಆಮೇಲೆ ಆನು ಹೇಳ್ತಿ. ನಿಂಗೆ ಬೇಕಾಗಿದ್ದು ಕಾರ್ಬನ್ ಅಲ್ದೋ ಮಾರಾಯಾ.

ಕಡಲಕಾಗೆ

ಪಂಡಿತ್ರೇ ಎಲ್ರಿಗೂ ತಿಳಿಯೋ ಹಂಗೆ ಬರೀರಿ, ನಾವು ಕಾರವಾರದವ್ರು ಕೊಂಕಣಿಲಿ ಶುರು ಮಾಡಿದ್ರೆ ಆಮೇಲೆ ನಿಮಗೇ ಕಷ್ಟ :)

ಪಂಕ್ಚರ್ ಪಂಡಿತ

ಅಡ್ಡಿಲ್ಲೆ ಅಡ್ಡಿಲ್ಲೆ. ಸರಿ, ಎಲ್ರಿಗೂ ತಿಳಿಯೋ ಕನ್ನಡದಲ್ಲೇ ಹೇಳ್ತೆ.

ನಾನು ಹದಿನೈದು ವರ್ಷದಿಂದ ಸೈಕಲ್ ಬಿಚ್ಚಿ ಕಟ್ಟೋ ಕೆಲಸ ಮಾಡ್ತಿರೋನು, ಅಂಗಡಿ ಹೆಸರು ಇಲ್ಲಿ ಬೇಡ. ನನ್ನ ಹತ್ರ ಬರೋ ರೋಡ್ ಬೈಕುಗಳಲ್ಲಿ ಕಾಯಿಲೆ ಎರಡೇ ಥರ, ಒಂದು ಮಳೆದು, ಇನ್ನೊಂದು ಆಸೆದು. ಆಸೆದು ಅಂದ್ರೆ ರೇಸಿಗೆ ಅಂತ ಮಾಡಿದ ಫ್ರೇಮು ತಂದಿರ್ತಾರೆ, ಅದಕ್ಕೆ ಮಡ್‌ಗಾರ್ಡ್ ಹಾಕಿ ಕೊಡಿ ಅಂತ ಬರ್ತಾರೆ, ಹಾಕೋಕೆ ಫ್ರೇಮಲ್ಲಿ ತೂತೇ ಇಲ್ಲ. ಹಿಂದಿನ ಚಕ್ರದ ಹತ್ರ ಬೋಲ್ಟ್ ಕೂರೋ ಸಣ್ಣ ಕಿವಿ ಇರ್ತದಲ್ಲ, ಅದು ಇದ್ರೆ ಕ್ಯಾರಿಯರ್ ಕೂರ್ತದೆ, ಮಡ್‌ಗಾರ್ಡ್ ಕೂರ್ತದೆ, ಇಲ್ಲ ಅಂದ್ರೆ ನಾಲ್ಕು ತಿಂಗಳು ನಿನ್ನ ಬೆನ್ನಿನ ಮೇಲೆ ಕೆಂಪು ಮಣ್ಣಿನ ಉದ್ದ ಗೆರೆ. ಹಂಗಾಗಿ ನಿನ್ನ ಹೆಂಡತಿ ಕೇಳಿದ್ದು ತಮಾಷೆ ಪ್ರಶ್ನೆ ಅಲ್ಲ, ಈ ಇಡೀ ಚರ್ಚೆಲಿ ಸರಿಯಾದ ಪ್ರಶ್ನೆ ಅದೇ. ವಾರಕ್ಕೆ ನಾಕು ದಿನ ಲ್ಯಾಪ್‌ಟಾಪ್ ಹೊತ್ಕಂಡು ಹೋಗೋನು, ಭಾನುವಾರದ ಒಂದು ದಿನ ನೋಡಿ ಸೈಕಲ್ ತಗಂಡ್ರೆ ಹೆಂಗೆ?

ಎರಡನೇದು ಟೈರು. 2016ರ ಹೊತ್ತಿನ ರೇಸ್ ಫ್ರೇಮಲ್ಲಿ ಹೆಚ್ಚಿನವಕ್ಕೆ ರಿಮ್ ಬ್ರೇಕು (ಚಕ್ರದ ರಿಮ್ಮಿಗೆ ರಬ್ಬರು ಒತ್ತೋದು), 25 ಎಂಎಂ ಟೈರು, ಜಬರ್‌ದಸ್ತಿ ಮಾಡಿದ್ರೆ 28 ಕೂರಬಹುದು, ಅದೂ ಎಲ್ಲದರಲ್ಲೂ ಅಲ್ಲ. ಬನವಾಸಿ ರಸ್ತೆ ಚೊಲೋ ಇದ್ದಾಗ ಚೊಲೋ, ಮಳೆ ಮುಗಿದ ಮೇಲೆ ಅಂಚು ಕಿತ್ತು ಹೋಗಿ ಜಲ್ಲಿ ಎದ್ದಿರ್ತದೆ, ಎದುರಿಂದ ಬಸ್ಸು ಬಂತು ಅಂದ್ರೆ ಡಾಂಬರು ಬಿಟ್ಟು ಕೆಳಗೆ ಇಳಿಲೇಬೇಕು. ಅಲ್ಲಿ 25ರ ಟೈರು ಅಂದ್ರೆ ನನಗೆ ವ್ಯಾಪಾರ, ನಿನಗೆ ಪಂಕ್ಚರ್. 28 ಕನಿಷ್ಠ, 32 ಕೂರೋ ಫ್ರೇಮು ಸಿಕ್ಕಿದ್ರೆ ಕಣ್ಣು ಮುಚ್ಚಿ ತಗ.

ಹುಬ್ಬಳ್ಳಿ ಮಂದಿ

ಪಂಡಿತರು ಹೇಳಿದ್ದು ಖರೇ ಐತಿ, ಆದ್ರ ಕಾರ್ಬನ್ ಅಂದ್ರ ಅಷ್ಟ್ಯಾಕ ಹೆದರಸ್ತೀರಿ? ನಾನೂ ಸೆಕೆಂಡ್ ಹ್ಯಾಂಡ್ ಕಾರ್ಬನ್ನೇ ತಗೊಂಡೇನಿ, ಮೂರು ವರ್ಷ ಆತು, ಏನೂ ಆಗಿಲ್ರಿ. ಹಗುರ ಅಂದ್ರ ಹಗುರ. ಏರು ಬಂದಾಗ ಗೊತ್ತಾಕ್ಕೈತಿ.

ಲೆಕ್ಕದ ಮೇಷ್ಟ್ರು

ಹೊನ್ನಾವರದಿಂದ. ಹಗುರ ಅಂದ್ರೆ ಎಷ್ಟು ಹಗುರ, ಅದರಿಂದ ಎಷ್ಟು ಲಾಭ, ಒಂದ್ಸಲ ಲೆಕ್ಕ ಹಾಕಿ ನೋಡುವ. ನನಗೆ ಬೇರೆ ಎಂತ ಬರೂದಿಲ್ಲ, ಲೆಕ್ಕ ಒಂದೇ.

ಸವಾರ 74, ಸೈಕಲ್ 10, ನೀರು ಬಾಟ್ಲಿ ಪಂಪು ಎಲ್ಲ ಸೇರಿ 2, ಒಟ್ಟು 86 ಕೆಜಿ. ಕಾರ್ಬನ್ ತಗಂಡ್ರೆ 2 ಕೆಜಿ ಇಳಿತದೆ ಅಂತ ಇಟ್ಕೊಳ್ಳಿ. ಘಟ್ಟ ಹತ್ತುವಾಗ ಶಕ್ತಿ ಹೋಗೂದು ಬಹುತೇಕ ಒಟ್ಟು ಭಾರ ಎತ್ತೂಕೆ, ಬರೀ ಸೈಕಲ್ ಭಾರ ಎತ್ತೂಕೆ ಅಲ್ಲ. 86ರಲ್ಲಿ 2 ಅಂದ್ರೆ ನೂರಕ್ಕೆ ಎರಡೂ ಕಾಲು. ಒಂದು ತಾಸು ಹತ್ತುವ ಏರಲ್ಲಿ ಉಳಿಯೂದು ಒಂದು ನಿಮಿಷ 20 ಸೆಕೆಂಡು ಚಿಲ್ಲರೆ. ದೇವಿಮನೆಲಿ ನಿಂತು ಅಷ್ಟು ಹೊತ್ತು ಮಂಗ ನೋಡ್ತೀರಿ.

ಈಗ ಗೇರಿಗೆ ಬನ್ನಿ, ಇಲ್ಲಿ ನಿಜವಾದ ಲೆಕ್ಕ ಇರೂದು. ಹಳೇ ರೇಸ್ ಸೈಕಲ್ಲಲ್ಲಿ ಮುಂದೆ ಪೆಡಲ್ ಹತ್ರದ ಎರಡು ಹಲ್ಲುಚಕ್ರಕ್ಕೆ 52-36 ಹಲ್ಲು, ಹಿಂದಿನ ಹಲ್ಲುಚಕ್ರಗಳಲ್ಲಿ ದೊಡ್ಡದಕ್ಕೆ 28 ಇರೂದು ಸಾಮಾನ್ಯ. ಎಲ್ಲಕ್ಕಿಂತ ಹಗುರ ಗೇರು ಅಂದ್ರೆ 36 ಭಾಗಿಸು 28, ಪೆಡಲ್ ಒಂದು ಸುತ್ತು ತಿರುಗಿದ್ರೆ ಚಕ್ರ 1.29 ಸುತ್ತು. ಚಕ್ರದ ಸುತ್ತಳತೆ 2.1 ಮೀಟರ್ ಅಂತ ಇಟ್ಟು ನಿಮಿಷಕ್ಕೆ 70 ಸಲ ತುಳಿದ್ರೆ ಗಂಟೆಗೆ 11.3 ಕಿಮೀ. ನೂರು ಮೀಟರಿಗೆ ಏಳು ಮೀಟರ್ ಏರುವ ಜಾಗದಲ್ಲಿ ಆ ವೇಗಕ್ಕೆ 200 ವ್ಯಾಟ್ ಹತ್ರ ಬೇಕು. ಅದೇ ಮುಂದೆ 34, ಹಿಂದೆ 34 ಇದ್ರೆ ಅದೇ 70 ಸುತ್ತಿಗೆ ಗಂಟೆಗೆ 8.8 ಕಿಮೀ, ಸಾಕಾಗೂದು 155 ವ್ಯಾಟ್. ಈ 45 ವ್ಯಾಟಿನಲ್ಲೇ ಎಲ್ಲ ಇದೆ: ಒಬ್ಬ ಉಸಿರು ಬಿಡ್ತಾ ಮಾತಾಡ್ಕಂಡು ಹತ್ತತಾನೆ, ಇನ್ನೊಬ್ಬ ಮೂರನೇ ತಿರುವಲ್ಲಿ ಇಳಿದು ತಳ್ತಾನೆ. 200 ವ್ಯಾಟ್ ಕೊಡಲಾರದವ 36-28ರಲ್ಲಿ ಹತ್ತೂಕೇ ಆಗೂದಿಲ್ಲ ಅಂತಲ್ಲ, ನಿಮಿಷಕ್ಕೆ 50 ಸುತ್ತಿಗೆ ಇಳಿದು ಮಂಡಿ ಮೇಲೆ ಭಾರ ಹಾಕಿ ಒತ್ತಬೇಕು. 38ರ ಮಂಡಿಗೆ ಅದು ಬೇಡ.

ಅಂಗಡಿಲಿ ಕೇಳುವ ಮೊದಲ ಮಾತು ಇದಾಗ್ಲಿ: ಮುಂದಿನ ಸಣ್ಣ ಹಲ್ಲು ಎಷ್ಟು, ಹಿಂದಿನ ದೊಡ್ಡ ಹಲ್ಲು ಎಷ್ಟು. ಎರಡೂ ಸಮಾ ಇದ್ರೆ ಅಥವಾ ಹತ್ರ ಇದ್ರೆ ನಮ್ಮ ಘಟ್ಟಕ್ಕೆ ಬಂತು ಅಂತ ಲೆಕ್ಕ. ಶಿರಸಿ ಸಮುದ್ರಮಟ್ಟದಿಂದ 590 ಮೀಟರ್ ಹತ್ರ ಇದೆ, ಕುಮಟೆಗೆ ಇಳಿದವ ಅಷ್ಟನ್ನೂ ವಾಪಸ್ ಹತ್ತಲೇಬೇಕು, ಯಾವ ಫ್ರೇಮು ತಂದ್ರೂ ಅದರಲ್ಲಿ ರಿಯಾಯಿತಿ ಇಲ್ಲ.

ಬನವಾಸಿ ರೋಡ್

ಮೇಷ್ಟ್ರೇ ಕಾಲಿಗೆ ಬಿದ್ದೆ. ಆ ಕಾರ್ಬನ್ ಮಾರೋನಿಗೆ ಮೆಸೇಜ್ ಮಾಡಿ ಕೇಳ್ದೆ, ಮುಂದೆ 52-36, ಹಿಂದೆ 11-28. ನೀವು ಹೇಳಿದ್ದೇ. ಹಿಂದಿನದ್ದು ಬದಲಾಯಿಸ್ಬಹುದಾ?

ಪಂಕ್ಚರ್ ಪಂಡಿತ

ಹಿಂದಿನ ಡಿರೈಲರ್ (ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸೋದು) ಕತ್ತು ಗಿಡ್ಡದಾ ಉದ್ದದಾ ನೋಡಬೇಕು. ಆ ಕಾಲದ 105ರಲ್ಲಿ ಗಿಡ್ಡದಕ್ಕೆ 28ರವರೆಗೆ, ಉದ್ದದಕ್ಕೆ 32ರವರೆಗೆ. ಗಿಡ್ಡದಿದ್ರೆ ಡಿರೈಲರು, ಕ್ಯಾಸೆಟ್ಟು (ಹಿಂದಿನ ಹಲ್ಲುಚಕ್ರಗಳ ಗೊಂಚಲು), ಚೈನು ಮೂರೂ ಹೊಸದು, ಮುಂದಿನ ಹಲ್ಲು ಬದಲಾಯಿಸಿದ್ರೆ ಅದರ ದುಡ್ಡು ಬೇರೆ. 55 ಹೋಗಿ 65 ದಾಟ್ತದೆ, ಮಡ್‌ಗಾರ್ಡ್ ಆಗಲೂ ಕೂರಲ್ಲ. ಇನ್ನೊಂದು ಮಾತು, ಆ 105 ಹಿಂದೆ 11 ಗೇರಿಂದು. 11ರ ಚೈನು ಶಿರಸಿಲಿ ತುಂಡಾದ್ರೆ ನಾನು ತರಿಸಿ ಹಾಕೋಕೆ ನಾಕು ದಿನ. ಕ್ಲಾರಿಸ್ 8 ಗೇರಿಂದು, ಅದರ ಮೇಲಿನ ಸೋರಾ 9ರದ್ದು, ಈ ಎರಡರ ಚೈನು ನನ್ನ ಹತ್ರ ಡಬ್ಬದಲ್ಲಿ ಇರ್ತದೆ, ಅಗ್ಗವೂ ಹೌದು, ಸ್ವಲ್ಪ ಹೊಲಸು ತಿಂದ್ರೂ ತಡ್ಕಳ್ತದೆ. ಹೆಸರು ದೊಡ್ಡದು ಅಂತ ಗೇರು ತಗಳ್ಳೋದಲ್ಲ, ಊರಲ್ಲಿ ಕೆಟ್ರೆ ಊರಲ್ಲಿ ರಿಪೇರಿ ಆಗ್ತದಾ ನೋಡ್ಬೇಕು.

ಹುಬ್ಬಳ್ಳಿ ಮಂದಿ

ಹಲ್ಲಿನ ಲೆಕ್ಕಾ ಒಪ್ಪಿದೆ ಮೇಷ್ಟ್ರ. ನಮ್ಮ ಕಡೆ ಬಯಲು, ಏರು ಕಡಿಮಿ, ಗಾಳಿ ಭಾಳ, ಅದಕ್ಕ ನನಗ 36-28 ನಡೀತೈತಿ. ಅಣ್ಣಾರ, ನೀವು ನನ್ನ ಮಾತು ಕೇಳಬ್ಯಾಡ್ರಿ.

ಗಾಳಿಗೆ ಎದುರು

ಕುಮಟೆಯಿಂದ. ನಾನು ಬಿಆರ್‌ಎಂ (ಗಡುವಿನೊಳಗೆ ಮುಗಿಸೋ ಉದ್ದ ದೂರದ ಸೈಕಲ್ ಸವಾರಿ) ಹೊಡೆಯೋಳು, 200 ಮತ್ತು 300 ಮಾಡಿದೇನೆ, 400 ಈ ಸಲ ನೋಡ್ಬೇಕು. ಗೊತ್ತಿಲ್ಲದವ್ರಿಗೆ, 200 ಕಿಮೀ ಹದಿಮೂರುವರೆ ತಾಸಲ್ಲಿ ಮುಗಿಸೋದು, ಊಟ ತಿಂಡಿ ಪಂಕ್ಚರ್ ಎಲ್ಲ ಅದ್ರಲ್ಲೇ, ಅಂದ್ರೆ ಗಂಟೆಗೆ 15 ಕೂಡ ಬೇಕಾಗಿಲ್ಲ. ಇದನ್ನ ಯಾಕೆ ಹೇಳ್ದೆ ಅಂದ್ರೆ ಅಲ್ಲಿ ಬರೋರಲ್ಲಿ ನಡುದಾರಿಲಿ ಬಿಟ್ಟು ಹೋಗೋದು ಸೈಕಲ್ ಭಾರ ಆಯ್ತು ಅಂತ ಅಲ್ಲ, ಕೈ ಜೋಮು, ಕುತ್ತಿಗೆ ನೋವು, ಕೂರೋ ಜಾಗದ ನೋವು, ಇವೇ.

ಅದಕ್ಕೆ ಸೈಜು ಮೊದ್ಲು, ಉಳಿದಿದ್ದೆಲ್ಲ ಆಮೇಲೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು ಒಂದು ಪುಸ್ತಕ ಕಾಲ ಸಂದಿಲಿ ಮೇಲಕ್ಕೆ ಒತ್ತಿ ಹಿಡ್ಕೊಳ್ಳಿ, ಸೀಟಿನ ಮೇಲೆ ಕೂತಷ್ಟೇ ಒತ್ತಬೇಕು, ಪುಸ್ತಕದ ಮೇಲಂಚಿಂದ ನೆಲದವರೆಗೆ ಅಳೀರಿ. ಅದನ್ನ 0.883ರಿಂದ ಗುಣಿಸಿದ್ರೆ ಎರಡೂ ಪೆಡಲ್ ತೋಳು ಸೇರೋ ನಡುವಿನ ಅಚ್ಚಿನ (ಬಾಟಮ್ ಬ್ರಾಕೆಟ್) ಮಧ್ಯದಿಂದ ಸೀಟಿನ ಮೇಲ್ಮೈವರೆಗಿನ ಎತ್ತರ ಸಿಗ್ತದೆ. 80 ಸೆಂಮೀ ಬಂದ್ರೆ 70.6. ಶುರುವಿಗೆ ಇದು ಸಾಕು, ಆಮೇಲೆ ಅರ್ಧ ಅರ್ಧ ಸೆಂಮೀ ಏರಿಸಿ ಇಳಿಸಿ ನಿಮ್ಮದು ನೀವೇ ಕಂಡ್ಕೊಳ್ತೀರಿ.

ಫ್ರೇಮಿನ ಆಕಾರದಲ್ಲೂ ಎರಡು ಜಾತಿ. ರೇಸಿನದ್ದು ಉದ್ದ, ತಗ್ಗು, ಮೂಗು ಹ್ಯಾಂಡಲ್‌ಗೆ ತಾಗೋ ಹಂಗೆ ಬಗ್ಗಬೇಕು. ಎಂಡ್ಯೂರೆನ್ಸ್ ಅಂತ ಕರೆಯೋದರಲ್ಲಿ ಹ್ಯಾಂಡಲ್ ಸ್ವಲ್ಪ ಎತ್ತರ, ಸ್ವಲ್ಪ ಹತ್ರ. ಎಂಟಿಬಿಯಿಂದ ಬರೋರಿಗೆ ಎರಡನೇದೇ ಸರಿ. ಅಂಗಡಿಲಿ ಹತ್ತು ನಿಮಿಷ ಸುಮ್ನೆ ಒಳಗೊಳಗೆ ಸುತ್ತು ಹೊಡೆದು ಓ ಚೆನ್ನಾಗಿದೆ ಅನ್ಬೇಡಿ, ಹೊರಗೆ ರಸ್ತೆಲಿ ಅರ್ಧ ತಾಸು ಕೇಳಿ, ಕೊಡಲ್ಲ ಅಂದ್ರೆ ಬೇರೆ ಅಂಗಡಿ. ನಾನು ಮೊದಲನೇ ಸೈಕಲ್ ತಗೊಳ್ಳುವಾಗ ಇದೊಂದೇ ಸೈಜ್ ಸ್ಟಾಕ್ ಇರೋದು ಮೇಡಂ, ಸೀಟ್ ಇಳಿಸಿದ್ರೆ ಸರಿ ಆಗ್ತದೆ ಅಂದ್ರು, ನಂಬಿ ತಗೊಂಡೆ. ಸೀಟು ಇಳಿಸಬಹುದು, ಮುಂದಿನ ಪೈಪ್ ಗಿಡ್ಡ ಮಾಡೋಕಾಗತ್ತಾ? ಒಂದು ವರ್ಷ ಭುಜ ನೋವು ತಿಂದು ಅರ್ಧ ದುಡ್ಡಿಗೆ ಮಾರಿದೆ.

ಸಣ್ಣ ಕೈಯವರಿಗೆ ಇನ್ನೊಂದು, ಬ್ರೇಕ್ ಲಿವರ್ ಬೆರಳಿಗೆ ಸಿಗೋದಿಲ್ಲ ಅಂತ ಸುಮಾರು ಹೆಣ್ಮಕ್ಕಳು ರೋಡ್ ಬೈಕೇ ಬೇಡ ಅಂತಾರೆ. ಬಹಳ ಲಿವರಿಗೆ ಹತ್ರ ತರೋ ಸಣ್ಣ ಸ್ಕ್ರೂ ಇರ್ತದೆ. ತಿರುಗಿಸಿ ಕೊಡಿ ಅಂತ ಕೇಳಬೇಕು ಅಷ್ಟೇ, ಅವರಾಗೇ ಮಾಡಿಕೊಡಲ್ಲ.

ಕಡಲಕಾಗೆ

ಬ್ರೇಕಿನ ಮಾತು ಬಂತಲ್ಲ, ಅಕ್ಕ ದೇವಿಮನೆ ಮಳೆ ಕಥೆ ಹೇಳಿಲ್ವಾ ಇವರಿಗೆ?

ಗಾಳಿಗೆ ಎದುರು

ಹೇಳ್ತೆ. ಅದೇ ದೊಡ್ಡ ಸೈಜಿನ ಸೈಕಲ್ಲು, ರಿಮ್ ಬ್ರೇಕು. ಜೂನ್ ಕೊನೆ, ಶಿರಸಿಲಿ ಮದುವೆ ಮನೆಲಿ ಉಳಿದು ಬೆಳಿಗ್ಗೆ ಇಳಿತಾ ಇದ್ದೆ. ಮೇಲೆ ಬರೀ ಮಂಜು, ದೇವಸ್ಥಾನ ದಾಟಿದ್ದೇ ಮಳೆ ಸುರಿಯೋಕೆ ಶುರು. ಒಂದೆರಡು ತಿರುವು ಬ್ರೇಕ್ ಸರಿ ಇತ್ತು, ಆಮೇಲೆ ಎಷ್ಟು ಒತ್ತಿದ್ರೂ ಮೊದಲು ಒಂದು ಸೆಕೆಂಡ್ ಎಂತದೂ ಇಲ್ಲ, ರಬ್ಬರು ನೀರನ್ನ ಒರೆಸಿ ಮುಗಿಸಿದ ಮೇಲೆ ಕಚ್ಚೋದು. ಕೆಳಕೆಳಗೆ ಬಂದ ಹಂಗೆ ಕರ್ ಕರ್ ಅಂತ ಸದ್ದು, ಕಲ್ಲಿಗೆ ಕಲ್ಲು ಉಜ್ಜಿದ ಹಾಗೆ, ಲಿವರು ಹ್ಯಾಂಡಲ್ ಮುಟ್ಟೋ ತನಕ ಬಂತು. ಒಂದು ತಿರುವಲ್ಲಿ ಹೆಂಗೋ ನಿಲ್ಲಿಸಿ ನೋಡಿದ್ರೆ ರಿಮ್ಮಿಂದ ಕಪ್ಪು ನೀರು ಹಾಲಿನ ಹಾಗೆ ಇಳೀತಿದೆ, ಬ್ರೇಕ್ ರಬ್ಬರಿನೊಳಗೆ ಮರಳು ಕೂತಿದೆ, ಮರಳಿನ ಮಧ್ಯ ಬೆಳ್ಳಿ ಚೂರು ಮಿಣಿಮಿಣಿ, ಅದು ನನ್ನ ರಿಮ್ಮೇ ಅರೆದು ಬಂದ ಅಲ್ಯೂಮಿನಿಯಂ. ಅಲ್ಲಿಂದ ಕತಗಾಲದವರೆಗೆ ಕೈಲಿ ಹಿಡ್ಕೊಂಡು ನಡೆದೆ, ಲಾರಿಯವನೊಬ್ಬ ನಿಲ್ಲಿಸಿ ಹತ್ತಿ ತಂಗೀ ಅಂದ, ಮರ್ಯಾದೆ ಪ್ರಶ್ನೆ ಅಂತ ಹತ್ತಲಿಲ್ಲ, ಹತ್ತಬೇಕಿತ್ತು.

ಆವಾಗಿಂದ ಡಿಸ್ಕ್ ಬ್ರೇಕ್ ಬಿಟ್ಟು ಬೇರೆ ಇಲ್ಲ. ಬೇಸಿಗೆಲಿ ಮಾತ್ರ ಹೊಡೆಯೋರಿಗೆ ರಿಮ್ ಬ್ರೇಕ್ ಸಾಕು, ಹಗುರ, ಅಗ್ಗ. ಮಳೆಗಾಲದಲ್ಲೂ ಕೆಲಸಕ್ಕೆ ಹೋಗೋರಿಗೆ ಡಿಸ್ಕ್.

ಪಂಕ್ಚರ್ ಪಂಡಿತ

ಡಿಸ್ಕಲ್ಲೂ ಈ ಬಜೆಟ್ಟಿಗೆ ಕೇಬಲ್ ಎಳೆಯೋ ಮೆಕಾನಿಕಲ್ ಡಿಸ್ಕ್ ಸಾಕು. ಎಣ್ಣೆದು ಚೊಲೋ ಕಚ್ತದೆ, ಆದ್ರೆ ಗಾಳಿ ಸೇರಿದ್ರೆ ಎಣ್ಣೆ ತೆಗೆದು ತುಂಬಬೇಕು, ಅದರ ಸಾಮಾನು ಇರೋ ಅಂಗಡಿ ನಮ್ಮ ಜಿಲ್ಲೆಲಿ ಹುಡುಕಬೇಕಾಗ್ತದೆ. ಕೇಬಲ್ ಆದ್ರೆ ಎಲ್ಲಿ ಬೇಕಾದ್ರೂ ಸಿಗ್ತದೆ. ಡಿಸ್ಕ್ ಮೇಲೆ ಚೈನಿನ ಎಣ್ಣೆ ಮಾತ್ರ ಹಾರಿಸ್ಬೇಡಿ. ಹಾರಿಸಿ ಬ್ರೇಕ್ ಹಿಡಿತಿಲ್ಲ ಅಂತ ನನ್ನ ಹತ್ರ ಬಂದು ನನಗೇ ಬೈದವ್ರಿದಾರೆ.

ಕಡಲಕಾಗೆ

ಇನ್ನು ಕರಾವಳಿಯವ್ರು ಯಾರಾದ್ರೂ ಓದ್ತಿದ್ರೆ ಅವರಿಗೆ ನಂದೊಂದು ಬೇರೆ ಮಾತು. ನಮ್ಮ ಕಡೆ ಘಟ್ಟದ ಚಿಂತೆ ಇಲ್ಲ, ಕಾರವಾರದಿಂದ ಅಂಕೋಲಾ, ಗೋಕರ್ಣ ಕ್ರಾಸು, ಕುಮಟಾ ಅಂತ 66ನೇ ಹೈವೇಲಿ ಹೊಡೆಯೋದು, ಬಿಣಗಾ ಹತ್ರದ ಸುರಂಗ ಒಂದು ಬಿಟ್ರೆ ತಲೆನೋವು ಕಮ್ಮಿ (ಅಲ್ಲಿ ಹಗಲಲ್ಲೂ ಹಿಂದಿನ ಕೆಂಪು ಲೈಟ್ ಹಾಕಿ, ದಯವಿಟ್ಟು). ನಮಗೆ ಎದುರಾಳಿ ಗಾಳಿ. ಬೇಸಿಗೆಲಿ ಮಧ್ಯಾಹ್ನ ಆದ್ಮೇಲೆ ಸಮುದ್ರದ ಗಾಳಿ ವಾಯವ್ಯದಿಂದ ಎದ್ದು ಬರ್ತದೆ, ಬೆಳಿಗ್ಗೆ ಕುಮಟೆಗೆ ಹಾಡು ಹೇಳ್ಕಂಡು ಹೋದವ ವಾಪಸ್ ಬರುವಾಗ ಹ್ಯಾಂಡಲ್ ಕೆಳಗೆ ಹಿಡಿದು ಬಗ್ಗಿ ಗಂಟೆಗೆ 16ರಲ್ಲಿ ಅಳ್ತಾ ಬರ್ತಾನೆ. ಇಲ್ಲಿ ಆ ಬಾಗಿದ ಹ್ಯಾಂಡಲ್ ನಿಜಕ್ಕೂ ಉಪಯೋಗ, ಹೈಬ್ರಿಡ್ ತಗಂಡವ್ರು ಎದೆ ಕೊಟ್ಟು ಗಾಳಿ ತಿನ್ನಬೇಕು. ಹಂಗಾಗಿ ಕರಾವಳಿಲಿ ಉದ್ದ ಹೊಡೆಯೋರಿಗೆ ರೋಡ್ ಬೈಕು, ಊರೊಳಗೆ ಎಂಟು ಹತ್ತು ಕಿಮೀ ಅಂದ್ರೆ ಹೈಬ್ರಿಡ್ಡೇ ಸಾಕು. ಸುಮ್ನೆ ದುಡ್ಡು ಸುರೀಬೇಡಿ.

ಮತ್ತೆ ಉಪ್ಪು. ನಮ್ಮ ಮನೆ ಸಮುದ್ರದಿಂದ ನಾನೂರು ಮೀಟರ್ ಇರಬಹುದು. ನನ್ನ ಮೊದಲ ಸೈಕಲ್ಲು ಸ್ಟೀಲ್ ಫ್ರೇಮು, ಸೀಟಿನ ಕೊಳವೆ ಅಲ್ಯೂಮಿನಿಯಂ. ಎತ್ತರ ಒಮ್ಮೆ ಸರಿ ಮಾಡಿದವ ನಾಲ್ಕು ವರ್ಷ ಮುಟ್ಟಲಿಲ್ಲ. ಅಕ್ಕನ ಮಗನಿಗೆ ಕೊಡುವ ಅಂತ ಎರಡಿಂಚು ಇಳಿಸೋಕೆ ಹೋದ್ರೆ ಅಲುಗಾಡ್ತಾ ಇಲ್ಲ. ಎಣ್ಣೆ ಬಿಟ್ಟು ಮೂರು ದಿನ ಇಟ್ಟೆ, ಬಿಸಿನೀರು ಹೊಯ್ದೆ, ವೈಸಿಗೆ ಸೀಟು ಕಚ್ಚಿಸಿ ಫ್ರೇಮನ್ನೇ ಇಬ್ಬರು ಹಿಡಿದು ತಿರುಗಿಸಿದ್ವಿ, ಫ್ರೇಮು ಬಾಗ್ತದೆ ಅನಿಸ್ತೇ ಹೊರತು ಕೊಳವೆ ಹಂದಲಿಲ್ಲ. ಕೊನೆಗೆ ಮೇಲಿಂದ ಕುಯ್ದು, ಒಳಗೆ ಗರಗಸದ ಎಲೆ ಬಟ್ಟೆ ಸುತ್ತಿ ಕೈಲಿ ಹಿಡಿದು ಉದ್ದಕ್ಕೆ ಸೀಳಿ ತೆಗೆದೆ, ಅರ್ಧ ದಿನ ಹೋಯ್ತು, ಒಳಗೆ ಬಿಳಿ ಪುಡಿ ಸುಣ್ಣದ ಹಾಗೆ ಗಟ್ಟಿ ಕಟ್ಟಿತ್ತು. ಎರಡು ಬೇರೆ ಬೇರೆ ಲೋಹ, ಮಧ್ಯ ಉಪ್ಪುನೀರು, ಅಷ್ಟೇ ಕಾರಣ. ಕಾರ್ಬನ್ ಫ್ರೇಮಿಗೆ ತುಕ್ಕಿಲ್ಲ ಅಂತ ಬೀಗೋರು ಕೇಳಿ, ಅದರೊಳಗೆ ಅಲ್ಯೂಮಿನಿಯಂ ಕೊಳವೆ ಇದ್ರೆ ಅದೂ ಹಿಂಗೇ ಕಚ್ಕಂಡು ಕೂರ್ತದೆ. ವರ್ಷಕ್ಕೆ ಎರಡು ಸಲ ಬಿಚ್ಚಿ ಒರೆಸಿ ವಾಪಸ್ ಹಾಕಿ, ಲೋಹದ ಫ್ರೇಮಾದ್ರೆ ಗ್ರೀಸು, ಕಾರ್ಬನ್ ಆದ್ರೆ ಅದಕ್ಕೆ ಅಂತಲೇ ಬೇರೆ ಪೇಸ್ಟ್ ಬರ್ತದೆ.

ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದಾಗ ಮೊದಲು ಸೀಟು ಏರಿಸಿ ಇಳಿಸಿ ತೋರಿಸಿ ಅನ್ನಿ. ಮುಖ ಸಣ್ಣ ಮಾಡಿದ್ರೆ ಎದ್ದು ಬನ್ನಿ.

ಬನವಾಸಿ ರೋಡ್

ಕಾರ್ಬನ್ ಆಸೆ ಬಿಟ್ಟೆ, ಮನಸಿಗೆ ಸ್ವಲ್ಪ ಬೇಜಾರೇ. ಈಗ ಪ್ರಶ್ನೆ, 50ರಲ್ಲಿ ಪೂರ್ತಿ ಸೈಕಲ್ಲಿಗೇ ಹಾಕ್ಬಹುದಾ ಉಳಿಸ್ಕೊಳ್ಳಬೇಕಾ?

ಪಂಕ್ಚರ್ ಪಂಡಿತ

ಏಳೆಂಟು ಸಾವಿರ ಎತ್ತಿಡು. ಹೆಲ್ಮೆಟ್ಟು, ಮುಂದೆ ಹಿಂದೆ ಲೈಟು, ಮಡ್‌ಗಾರ್ಡು, ಕ್ಯಾರಿಯರು, ಪಂಪು, ಎರಡು ಟ್ಯೂಬು, ಟೈರ್ ಬಿಚ್ಚೋ ಪ್ಲಾಸ್ಟಿಕ್ ಕಡ್ಡಿ. ಕುಶನ್ ಚಡ್ಡಿ ಒಂದು, ನಾಚಿಕೆ ಪಡಬೇಡ, ಮೇಲಿಂದ ಪ್ಯಾಂಟ್ ಹಾಕು.

ಟ್ಯೂಬಿನ ಮಾತು ಎಲ್ರೂ ಮರೀತಾರೆ. ರೋಡ್ ಬೈಕಿನ ವಾಲ್ವು ಸಣ್ಣದು, ಪ್ರೆಸ್ಟಾ ಅಂತಾರೆ, ತುದಿಲಿ ಪುಟ್ಟ ತಿರುಪು ಸಡಿಲ ಮಾಡಿದ ಮೇಲೇ ಹವಾ ಹೋಗೋದು. ಪೆಟ್ರೋಲ್ ಬಂಕಿನ ಪೈಪ್ ಅದಕ್ಕೆ ಕೂರೋದೇ ಇಲ್ಲ. ಹಿತ್ತಾಳೆದೊಂದು ಸಣ್ಣ ಅಡಾಪ್ಟರ್ ಬರ್ತದೆ, ಚಿಲ್ಲರೆ ದುಡ್ಡು, ಅದನ್ನ ಪರ್ಸಲ್ಲೇ ಇಟ್ಕ. ಒಂದು ಪುಣ್ಯ, 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿಗೂ ಬಿಡಿ ಸಾಮಾನಿಗೂ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ, ಬಿಲ್ಲಲ್ಲಿ 5 ಇದೆಯಾ ನೋಡ್ಕ.

ಲೆಕ್ಕದ ಮೇಷ್ಟ್ರು

ಹೊಸದೇ ಆಗ್ಬೇಕು ಅಂತಿಲ್ದಿದ್ರೆ ಎರಡು ಮೂರು ವರ್ಷದ ಅಲ್ಯೂಮಿನಿಯಂ ಎಂಡ್ಯೂರೆನ್ಸ್ ಸೈಕಲ್ ಹುಡುಕಿ, ಸೋರಾ ಗೇರು, ಮೆಕಾನಿಕಲ್ ಡಿಸ್ಕು, ಮುಂದೆ 50-34 ಹಲ್ಲು. ಕಾಲೇಜ್ ಮುಗಿಸಿ ಊರಿಗೆ ಹೋಗುವ ಹುಡುಗ್ರು ಧಾರವಾಡ ಹುಬ್ಬಳ್ಳಿ ಕಡೆ ಮಾರ್ತಾ ಇರ್ತಾರೆ. ಸೋರಾಕ್ಕೆ ಹಿಂದೆ 34 ಹಲ್ಲು ಕೂರ್ತದೆ, ಲೆಕ್ಕ ಸರಿ ಹೋಗ್ತದೆ.

ಹುಬ್ಬಳ್ಳಿ ಮಂದಿ

ನನ್ನ ಗೆಳ್ಯಾನ ತಮ್ಮಂದು ಒಂದೈತಿ, ಹುಡುಗ ಕೆಲಸಕ್ಕ ಪುಣೆಕ್ಕ ಹೊಂಟಾನ. ಫ್ರೇಮಿನ ಸೈಜು 54. ಮೆಸೇಜ್ ಹಾಕ್ರಿ, ನಾನೂ ಬರ್ತೇನಿ ನೋಡಾಕ. ಕಾರ್ಬನ್ನಿನ ಪಾಪ ತೊಳ್ಕೋತೇನಿ.

ಬನವಾಸಿ ರೋಡ್

ಮೂರು ವಾರ ಆದ್ಮೇಲೆ ಬರೀತಾ ಇದೀನಿ, ತಡ ಆಗಿದ್ದಕ್ಕೆ ಕ್ಷಮೆ ಇರ್ಲಿ, ಅಡಿಕೆ ಕೊನೆಕೊಯ್ಲು ನಡೀತಿತ್ತು.

ಸೈಕಲ್ ತಗಂಡೆ. ಧಾರವಾಡದ್ದೇ, ಎರಡೂವರೆ ವರ್ಷ ಹಳೇದು, ಅಲ್ಯೂಮಿನಿಯಂ, ಸೋರಾ, ಮೆಕಾನಿಕಲ್ ಡಿಸ್ಕು, 38 ಸಾವಿರಕ್ಕೆ ಮುಗೀತು. ಕಡಲಕಾಗೆ ಅವ್ರು ಹೇಳಿದ ಹಂಗೆ ಹೋಗಿದ್ದೇ ಸೀಟ್ ಇಳಿಸಿ ತೋರಿಸು ತಮ್ಮಾ ಅಂದೆ, ಹುಡುಗ ಗಾಬರಿ ಬಿದ್ದು ಇಳಿಸಿದ, ಸಲೀಸಾಗಿ ಇಳೀತು. ಚೈನು ಎಳೆದಿತ್ತು, ಪಂಡಿತ್ರು ಅಳತೆ ಕಡ್ಡಿ ಹಾಕಿ ನೋಡಿ ಹೊಸದು ಹಾಕಿದ್ರು, ಹಿಂದೆ 11-32 ಇದ್ದಿದ್ದನ್ನ 11-34 ಮಾಡಿದ್ರು. 54 ಒಂಚೂರು ಉದ್ದ ಅನಿಸ್ತು, ಮುಂದಿನ ಸ್ಟೆಮ್ಮು (ಹ್ಯಾಂಡಲ್ ಹಿಡಿದಿರೋ ತುಂಡು) ಎರಡು ಸೆಂಮೀ ಗಿಡ್ಡದ್ದು ಹಾಕಿಸಿದ ಮೇಲೆ ಸರಿ. ಮಡ್‌ಗಾರ್ಡು ಕ್ಯಾರಿಯರು ಎಲ್ಲ ಕೂತಿದೆ.

ಮೊನ್ನೆ ಭಾನುವಾರ ಐದೂವರೆಗೆ ಬಿಟ್ಟೆ. ಇಳಿಯುವಾಗ ಬಂಡಲ ದಾಟಿದ ಮೇಲೆ ಕೈ ಎಷ್ಟು ಜೋಮು ಹಿಡೀತು ಅಂದ್ರೆ ಬ್ರೇಕ್ ಒತ್ತಿದ್ದು ಗೊತ್ತಾಗ್ತಿಲ್ಲ. ಕುಮಟೆಲಿ ಗಾಳಿಗೆ ಎದುರು ಅಕ್ಕ ಸಿಕ್ಕಿದ್ರು, ಟೈರ್ ಒತ್ತಿ ನೋಡಿ ಎಷ್ಟು ಹೊಡ್ದಿದೀರಿ ಅಂದ್ರು, ಟೈರ್ ಮೇಲೆ ಗರಿಷ್ಠ ಅಂತ ಬರೆದಷ್ಟೂ ಹೊಡ್ದಿದೀನಿ ಅಂದೆ, ನಗಾಡಿದ್ರು. 28ರ ಟೈರಿಗೆ ನನ್ನ ತೂಕಕ್ಕೆ ಮುಂದೆ 70, ಹಿಂದೆ 75 ಪಿಎಸ್‌ಐ ಹವಾ ಸಾಕಂತೆ, ಅಲ್ಲೇ ಬಿಟ್ಟು ಸರಿ ಮಾಡಿಸಿದ್ರು. ಬೇರೆ ಸೈಕಲ್ಲೇ ಆಯ್ತು ಮಾರಾಯ್ರೇ, ಒಂದು ಪೈಸೆ ಖರ್ಚಿಲ್ಲದೆ.

ಹತ್ತುವಾಗ ಎರಡು ಕಡೆ ನಿಂತೆ, ಒಂದು ಕಡೆ ಸುಸ್ತಿಗೆ, ಇನ್ನೊಂದು ಕಡೆ ರಸ್ತೆ ಕೆಲಸದವರ ಟಿಪ್ಪರ್‌ಗೆ. ಇಳಿದು ತಳ್ಳಲಿಲ್ಲ. ಮೇಷ್ಟ್ರ 34-34 ಕೆಳಗಿಂದ ಮೇಲಿನವರೆಗೂ ಬೇಕಾಯ್ತು, ನಾಚಿಕೆ ಇಲ್ದೆ ಅದರಲ್ಲೇ ಬಂದೆ. ಮನೆಗೆ ಬಂದು ತುಳಸಿಕಟ್ಟೆಗೆ ಒರಗಿಸಿ ಇಟ್ಟೆ, ಒಳಗೆ ಹೋಗಿ ಕಷಾಯ ಕುಡಿಯೋದ್ರೊಳಗೆ ಧಡ್ ಅಂತ ಸದ್ದು, ಒಣಗೋಕೆ ಹಾಕಿದ ಅಡಿಕೆ ಮೇಲೆ ಬಿದ್ದಿತ್ತು. ಹೆಂಡ್ತಿ ಎಂತದೂ ಹೇಳಲಿಲ್ಲ, ಸ್ಟ್ಯಾಂಡ್ ಅಂತ ಒಂದೇ ಶಬ್ದ.

ಪಂಕ್ಚರ್ ಪಂಡಿತ

ಸ್ಟ್ಯಾಂಡ್ ನನ್ನ ಹತ್ರ ಇದ್ದು, ನಾಳೆ ಬಾ. ಗಟ್ಟಿಯಾಗಿ ಕಚ್ಚಿಸಿದ್ರೆ ಅಲ್ಯೂಮಿನಿಯಂ ಕೊಳವೆ ನೆಗ್ಗೋಗ್ತು, ನೀನೇ ಹಾಕ್ಯಳಡ.

ಹೊಸಬ 77

ಅಣ್ಣಾ ಆ ಬೆಂಗ್ಳೂರಿನ ಕಾರ್ಬನ್ ಇನ್ನೂ ಇದೆಯಾ? ನಂದು ಸಿದ್ದಾಪುರ, ಬಜೆಟ್ 50. ನಂಬರ್ ಕಳ್ಸಿ.

ಕಡಲಕಾಗೆ

ತಮ್ಮಾ, ಮೇಲಿಂದ ಓದ್ಕಂಡು ಬಾ.